ಕುದುರೆಯ ಪ್ರದಕ್ಷಿಣೆಗಳ ಲೆಕ್ಕ

ಲಕ್ಷ್ಮಣತೀರ್ಥದ ದಡದಲ್ಲಿರುವ ಹುಣಸೂರಿನಲ್ಲಿ ನಮ್ಮ ದೊಡ್ಡಪ್ಪನವರ ಮನೆಯಿತ್ತು. ಬೇಸಗೆಯ ರಜಕ್ಕೆ ಅಲ್ಲಿಗೆ ಹೋದಾಗಲೆಲ್ಲ ಸಂಜೆಯ ಹೊತ್ತು ಜಗಲಿಗೆ ಚದುರಂಗದ ಮಣೆ ಬರುವುದು ವಾಡಿಕೆ. ಜೊತೆಯವರು ಸಿಕ್ಕದ ದಿನ ಅವರು ನನಗೊಂದು ಚಮತ್ಕಾರವನ್ನು ತೋರಿಸುತ್ತಿದ್ದರು. ಮಣೆಗೆ ಬೆನ್ನು ಮಾಡಿ ಕುಳಿತು, “ನಿನಗೆ ಬೇಕಾದ ಮನೆಯಲ್ಲಿ ಕುದುರೆಯನ್ನಿಡು, ಯಾವ ಮನೆ ಎಂಬುದನ್ನು ಮಾತ್ರ ಹೇಳು” ಎನ್ನುವರು. ನಾನು ಹೇಳಿದ ಮನೆಯಿಂದ ಅವರ ಬಾಯಿಮಾತಿನಂತೆ ಕುದುರೆ ಹೊರಡುವುದು. ಅದು ಬಿಟ್ಟ ಒಂದೊಂದು ಮನೆಯಲ್ಲಿಯೂ ನಾನೊಂದು ಹುಣಿಸೆಯ ಬೀಜವನ್ನಿಡುತ್ತ ಹೋಗುವೆನು. ಅರವತ್ತನಾಲ್ಕನೆಯ ಬೀಜ ಬೀಳುವ ಹೊತ್ತಿಗೆ ಒಂದು ಮನೆಯೂ ಬರಿದಾಗಿ ಉಳಿದಿರುತ್ತಿರಲಿಲ್ಲ, ಒಂದರಲ್ಲಿಯೂ ಎರಡು ಬೀಜ ಬಿದ್ದಿರುತ್ತಿರಲಿಲ್ಲ. ಕುದುರೆ ತಾನು ಹೊರಟ ಮನೆಗೇ ಮರಳಿ ಬಂದು ನಿಂತಿರುತ್ತಿತ್ತು.

ಒಂದು ದಿನ ಕೇಳಿದೆ: “ದೊಡ್ಡಪ್ಪ, ಹೀಗೆ ಸುತ್ತಿ ಬರುವ ದಾರಿ ಇದೊಂದೇ ಏನು?”

“ಒಂದೇ ಏಕಪ್ಪ? ನನಗೆ ಬಾಯಿಪಾಠವಾಗಿರುವುದು ಒಂದು. ಒಟ್ಟು ಎಷ್ಟಿವೆ ಎಂದು ಹೇಳಿದವರನ್ನು ನಾನು ಕಾಣೆ. ಮುಂದೆ ಯಾರಾದರೂ ನಿನಗೆ ಹೇಳಿದರೆ, ‘ಎಣಿಸಿದವರು ತಪ್ಪಲಿಲ್ಲವೆಂದು ಹೇಗೆ ನಂಬುವುದು?’ ಎಂದು ಅವರನ್ನು ಕೇಳು.”

ದೊಡ್ಡಪ್ಪನವರ ಎರಡು ಪ್ರಶ್ನೆಗಳಿಗೂ ಈಗ ಉತ್ತರವುಂಟು. ನನಗೆ ಮೊದಲನೆಯದಕ್ಕಿಂತ ಎರಡನೆಯದರ ಉತ್ತರವೇ ಹೆಚ್ಚು ಸ್ವಾರಸ್ಯವಾಗಿ ತೋರುತ್ತದೆ.

ಆಟವನ್ನರಿಯದ ಕೇಳುಗರಿಗಾಗಿ ಒಂದೆರಡು ಮಾತು. ಚದುರಂಗದ ಕುದುರೆ ನೇರವಾಗಿ ಎರಡು ಮನೆ ಸಾಗಿ, ಪಕ್ಕಕ್ಕೆ ಒಂದು ಮನೆ ತಿರುಗಿ ನಿಲ್ಲುತ್ತದೆ. ನಡುವೆ ಏನಿದ್ದರೂ ಹಾರಿಬಿಡುತ್ತದೆ. ನಮ್ಮ ಹಳೆಯ ಮಣೆಗಳಲ್ಲಿ ಮನೆಗಳಿಗೆ ಬೇರೆ ಬೇರೆ ಬಣ್ಣವಿರಲಿಲ್ಲ. ಈಗಿನವುಗಳಲ್ಲಿ ಕಪ್ಪು ಬಿಳುಪು ಒಂದಾದ ಮೇಲೊಂದು ಬರುತ್ತವೆ. ಈ ಬಣ್ಣಗಳು ನಮಗೆ ಮುಂದೆ ಬಹಳ ಉಪಕಾರ ಮಾಡುವುವು. ಏಕೆಂದರೆ ಕುದುರೆ ಬಿಳಿಯ ಮನೆಯಿಂದ ಹಾರಿದರೆ ಕಪ್ಪಿನ ಮೇಲೆಯೇ ಬೀಳಬೇಕು, ಕಪ್ಪಿನಿಂದ ಹಾರಿದರೆ ಬಿಳುಪಿನ ಮೇಲೆ. ಎಲ್ಲ ಮನೆಗಳನ್ನೂ ಒಂದೊಂದು ಸಲ ಮುಟ್ಟಿ ಹೊರಟ ಮನೆಗೆ ಹಿಂದಿರುಗುವ ಸಂಚಾರವನ್ನು ನಾವು ಪ್ರದಕ್ಷಿಣೆ ಎಂದು ಕರೆಯೋಣ. ಪ್ರದಕ್ಷಿಣೆಗೆ ಆದಿಯೂ ಇಲ್ಲ, ಅಂತ್ಯವೂ ಇಲ್ಲ. ಬಳೆಯಂತೆ ಎಲ್ಲಿ ಹಿಡಿದರೂ ಅದೇ. ದೊಡ್ಡಪ್ಪನವರ ಚಮತ್ಕಾರದ ಗುಟ್ಟೂ ಇದೇ: ಒಂದು ಪ್ರದಕ್ಷಿಣೆಯನ್ನು ಕಲಿತರೆ ಅರವತ್ತನಾಲ್ಕು ಮನೆಗಳಲ್ಲಿ ಯಾವುದರಿಂದ ಬೇಕಾದರೂ ಹೊರಡಬಹುದು.

ಈ ವಿನೋದ ನಮ್ಮ ದೇಶದಲ್ಲಿ ಹೊಸದಲ್ಲ. ಒಂಬತ್ತನೆಯ ಶತಮಾನದ ಕಾಶ್ಮೀರದ ರುದ್ರಟನು ತನ್ನ ಅಲಂಕಾರಗ್ರಂಥದಲ್ಲಿ ಇದನ್ನು ಚಿತ್ರಕಾವ್ಯಕ್ಕೆ ಅಳವಡಿಸಿದನು. ಅನುಷ್ಟುಪ್ ಶ್ಲೋಕಕ್ಕೆ ಎಂಟೆಂಟು ಅಕ್ಷರಗಳ ನಾಲ್ಕು ಪಾದ. ಅಂದರೆ ಮೂವತ್ತೆರಡು ಅಕ್ಷರ, ಸರಿಯಾಗಿ ಅರ್ಧ ಮಣೆ. ವೇದಾಂತದೇಶಿಕರು ಹದಿನಾಲ್ಕನೆಯ ಶತಮಾನದಲ್ಲಿ ರಚಿಸಿದ ಪಾದುಕಾಸಹಸ್ರದಲ್ಲಿ ಒಂದು ಶ್ಲೋಕದ ಅಕ್ಷರಗಳನ್ನು ಕುದುರೆಯ ನಡೆಯಂತೆ ಓದಿದರೆ ಮುಂದಿನ ಶ್ಲೋಕವೇ ದೊರೆಯುತ್ತದೆ. ನಮ್ಮ ನಾಡಿನಲ್ಲಿಯೇ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ತನ್ನ ಮಾನಸೋಲ್ಲಾಸದಲ್ಲಿ ಕುದುರೆಯ ಸಂಚಾರವನ್ನು ಹೇಳಿದ್ದಾನೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಂತೂ (೧೭೯೪–೧೮೬೮) ಈ ವಿದ್ಯೆಯಲ್ಲಿ ಮುಳುಗಿಹೋಗಿದ್ದವರು. ಅವರು ೧೨ × ೧೨ ಮನೆಗಳ ಮಣೆಯ ಮೇಲೆ ಕುದುರೆಯನ್ನು ನಡೆಸಿದ ಒಂದು ರಚನೆ ಪ್ರಸಿದ್ಧವಾದುದು. ಕಾಲಿಟ್ಟ ಕ್ರಮದಲ್ಲಿ ೧ರಿಂದ ೧೪೪ರ ವರೆಗೆ ಅಂಕಿಗಳನ್ನು ಬರೆದರೆ ಪ್ರತಿಯೊಂದು ಅಡ್ಡಸಾಲಿನ ಮೊತ್ತವೂ ಪ್ರತಿಯೊಂದು ಉದ್ದಸಾಲಿನ ಮೊತ್ತವೂ ೮೭೦. ಕುದುರೆಯ ನಡಿಗೆಯೂ ಭದ್ರಗಣಿತವೂ ಒಂದೇ ಮಣೆಯ ಮೇಲೆ ಕೂಡಿಬಂದಿವೆ. ೮ × ೮ ಮಣೆಯಲ್ಲಿ ಅಡ್ಡ, ಉದ್ದ, ಎರಡು ಕರ್ಣ, ಎಲ್ಲದರ ಮೊತ್ತವೂ ೨೬೦ ಆಗುವಂಥ ಸಂಚಾರವೇ ಇಲ್ಲವೆಂದು ೨೦೦೩ರಲ್ಲಿ ಗಣಕಯಂತ್ರಗಳಿಂದ ಹುಡುಕಿ ತಿಳಿದರು. ಅದು ಬೇರೆ ಕಥೆ.

ಈಗ ಸಂಖ್ಯೆಗೆ ಬರೋಣ. ೮ × ೮ ಮಣೆಯ ಮೇಲೆ ಕುದುರೆಯ ಪ್ರದಕ್ಷಿಣೆಗಳು ಒಟ್ಟು

೧,೩೨,೬೭,೩೬,೪೪,೧೦,೫೩೨

ಹದಿಮೂರು ಲಕ್ಷದ ಇಪ್ಪತ್ತಾರು ಸಾವಿರದ ಏಳುನೂರ ಮೂವತ್ತಾರು ಕೋಟಿ, ನಲವತ್ತನಾಲ್ಕು ಲಕ್ಷದ ಹತ್ತು ಸಾವಿರದ ಐನೂರ ಮೂವತ್ತೆರಡು. ಒಂದೇ ದಾರಿಯಲ್ಲಿ ಎದುರುಮುಖವಾಗಿ ನಡೆದರೆ, ಅಂದರೆ ಅಪ್ರದಕ್ಷಿಣೆಯಾಗಿ ಬಂದರೆ, ಅದನ್ನು ಇಲ್ಲಿ ಬೇರೆಯೆಂದು ಎಣಿಸಿಲ್ಲ. ಎಣಿಸುವವರು ಇದನ್ನು ಇಮ್ಮಡಿ ಮಾಡಿಕೊಳ್ಳಬಹುದು.

ಕೋಟಿಯಿಂದಾಚೆಗೆ ನಮ್ಮ ದಿನಬಳಕೆಯ ಮಾತು ಸೋಲುತ್ತದೆ. ಹಿಂದಿನವರಿಗೆ ಆ ಸಂಕಟವಿರಲಿಲ್ಲ. ನೃಪತುಂಗನ ಕಾಲದಲ್ಲಿ, ಕ್ರಿ. ಶ. ೮೫೦ರ ಸುಮಾರಿಗೆ, ಗಣಿತಸಾರಸಂಗ್ರಹವನ್ನು ಬರೆದ ಮಹಾವೀರಾಚಾರ್ಯನು ಏಕ, ದಶ, ಶತ ಎಂದು ಮೊದಲುಮಾಡಿ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾನೆ. ನಮ್ಮ ಸಂಖ್ಯೆಯಲ್ಲಿರುವುದು ಹದಿನಾಲ್ಕು ಸ್ಥಾನ. ಮೊದಲಲ್ಲಿ ನಿಂತ ಒಂದು ಅವನ ಪಟ್ಟಿಯಂತೆ ಮಹಾಖರ್ವ. ಇನ್ನೊಂದು ಅಳತೆಯನ್ನೂ ನೋಡಿರಿ. ಒಬ್ಬನು ಕ್ಷಣಕ್ಕೊಂದರಂತೆ, ಎಂದರೆ ಗಡಿಯಾರದ ಒಂದೊಂದು ಸೆಕೆಂಡಿಗೆ ಒಂದೊಂದು ಪ್ರದಕ್ಷಿಣೆಯನ್ನು, ಊಟ ನಿದ್ದೆಗಳಿಲ್ಲದೆ ಎಣಿಸುತ್ತ ಕುಳಿತನೆನ್ನೋಣ. ಮುಗಿಸಲು ನಾಲ್ಕು ಲಕ್ಷ ಇಪ್ಪತ್ತು ಸಾವಿರ ವರ್ಷಗಳ ಮೇಲೆ ಬೇಕು. ಕಲಿಯುಗದ ಪ್ರಮಾಣ ೪,೩೨,೦೦೦ ವರ್ಷ. ಕಲಿಯ ಮೊದಲ ಸೆಕೆಂಡಿನಲ್ಲಿ ಎಣಿಸಲು ತೊಡಗಿದವನಿಗೆ ಯುಗದ ಕೊನೆಯಲ್ಲಿ ಸುಮಾರು ಹನ್ನೊಂದೂವರೆ ಸಾವಿರ ವರ್ಷಗಳ ವಿರಾಮ ಸಿಗುವುದು, ಅಷ್ಟೆ.

ಆದುದರಿಂದ ಯಂತ್ರಗಳೂ ಇವನ್ನು ಒಂದೊಂದಾಗಿ ಎಣಿಸುವುದಿಲ್ಲ. ಒಂದೇ ರೀತಿಯಲ್ಲಿ ಮುಂದುವರಿಯಬಲ್ಲ ಅರ್ಧದಾರಿಗಳನ್ನು ಗುಂಪುಗೂಡಿಸಿ, ಗುಂಪುಗಳನ್ನು ಹೊಂದಿಸಿ, ಗುಣಿಸಿ ಕೂಡಿಸುತ್ತಾರೆ. ಇಂಥ ಎಣಿಕೆಯಲ್ಲಿ ಎಲ್ಲೋ ಒಂದು ಗುಂಪು ಎರಡು ಸಲ ಸೇರಿಹೋದರೆ, ಅಥವಾ ಒಂದು ಬಿಟ್ಟುಹೋದರೆ, ಕಣ್ಣಿಗೆ ಕಾಣುವುದಿಲ್ಲ. ಹೊರಬರುವುದು ಹೇಗೂ ಒಂದು ದೊಡ್ಡ ಸಂಖ್ಯೆ. ದೊಡ್ಡಪ್ಪನವರ ಎರಡನೆಯ ಪ್ರಶ್ನೆ ಇಲ್ಲಿ ಎದುರಾಗುತ್ತದೆ.

ಅದು ಬರಿಯ ಊಹೆಯ ಭಯವಾಗಿರಲಿಲ್ಲ. ೧೯೯೬ರಲ್ಲಿ ಜರ್ಮನಿಯ ಡಾರ್ಟ್‌ಮುಂಡ್ ವಿಶ್ವವಿದ್ಯಾನಿಲಯದ ಮಾರ್ಟಿನ್ ಲೋಬಿಂಗ್ ಮತ್ತು ಇಂಗೋ ವೆಗೆನರ್ ಎಂಬ ವಿದ್ವಾಂಸರು ಈ ಲೆಕ್ಕವನ್ನು ಮೊದಲು ಪ್ರಕಟಿಸಿದರು. ಅವರ ಲೇಖನದ ಶೀರ್ಷಿಕೆಯಲ್ಲಿಯೇ ಉತ್ತರವಿತ್ತು:

೩,೩೪,೩೯,೧೨,೩೪,೮೪,೨೯೪

ನಾನು ಹೇಳಿದ ಸಂಖ್ಯೆಯ ಎರಡೂವರೆಯಷ್ಟು! ಇಷ್ಟು ದೊಡ್ಡ ಎಣಿಕೆ ತಪ್ಪೆಂದು ತೋರಿಸಲು ಇನ್ನೊಂದು ಯಂತ್ರವನ್ನು ತಿಂಗಳುಗಟ್ಟಲೆ ಓಡಿಸಬೇಕಾಗಿರಲಿಲ್ಲ. ಸಂಖ್ಯೆಯ ಕೊನೆಯ ಎರಡು ಅಂಕಿಗಳನ್ನು ನೋಡಿದರೆ ಸಾಕಾಗಿತ್ತು. ೯೪ನ್ನು ನಾಲ್ಕರಿಂದ ಭಾಗಿಸಿದರೆ ಎರಡು ಉಳಿಯುತ್ತದೆ. ನೂರು ನಾಲ್ಕರಿಂದ ನಿಶ್ಶೇಷವಾಗಿ ಹೋಗುವುದರಿಂದ, ಇಡೀ ಸಂಖ್ಯೆಯನ್ನು ಭಾಗಿಸಿದರೂ ಉಳಿಯುವುದು ಎರಡೇ. ಆದರೆ ಪ್ರದಕ್ಷಿಣೆಗಳ ಸಂಖ್ಯೆ, ಅದು ಏನೇ ಆಗಿರಲಿ, ನಾಲ್ಕರಿಂದ ನಿಶ್ಶೇಷವಾಗಿ ಭಾಗವಾಗಲೇಬೇಕು.

ಏಕೆ? ಇದನ್ನು ತಿಳಿಯಲು ಕಾಗದವನ್ನು ತೆಗೆದುಕೊಂಡರೆ ಒಳ್ಳೆಯದು; ಮಾತಿನಿಂದ ಚಿತ್ರವನ್ನು ತೋರಿಸುವುದು ಕಷ್ಟ. ಒಂದು ಪ್ರದಕ್ಷಿಣೆಯನ್ನು ಮಣೆಯ ಮೇಲೆ ದಾರವೆಳೆದಂತೆ ಬರೆದಿರೆನ್ನಿ. ಮಣೆಯನ್ನು ಕಾಲುಸುತ್ತು ತಿರುಗಿಸಿ ನೋಡಿದರೆ ಇನ್ನೊಂದು ಪ್ರದಕ್ಷಿಣೆ ಕಾಣುತ್ತದೆ. ಅರೆಸುತ್ತಿಗೆ ಮತ್ತೊಂದು, ಮುಕ್ಕಾಲು ಸುತ್ತಿಗೆ ಮಗುದೊಂದು. ಕನ್ನಡಿಯಲ್ಲಿ ಅದರ ಬಿಂಬವನ್ನು ನೋಡಿ ಅದನ್ನೂ ಹೀಗೆ ತಿರುಗಿಸಿದರೆ ಇನ್ನು ನಾಲ್ಕು. ಹೀಗೆ ಸಾಮಾನ್ಯವಾಗಿ ಎಂಟೆಂಟು ಪ್ರದಕ್ಷಿಣೆಗಳದು ಒಂದೊಂದು ಕುಟುಂಬ. ಎಲ್ಲ ಕುಟುಂಬಗಳಲ್ಲಿಯೂ ಎಂಟು ಮಂದಿ ಇದ್ದಿದ್ದರೆ ಒಟ್ಟು ಸಂಖ್ಯೆ ಎಂಟರಿಂದ ಭಾಗವಾಗುತ್ತಿತ್ತು. ಆದರೆ ಕೆಲವು ಪ್ರದಕ್ಷಿಣೆಗಳು ತಿರುಗಿಸಿದರೂ ಮೊದಲಿನಂತೆಯೇ ಕಾಣಬಹುದಷ್ಟೆ. ಅಂಥವುಗಳ ಕುಟುಂಬ ಚಿಕ್ಕದು. ಯಾವ ಬಗೆಯ ತಿರುಗಿಕೆಯಲ್ಲಿ ಹೀಗಾಗಲು ಸಾಧ್ಯ ಎಂಬುದೇ ಪ್ರಶ್ನೆ.

ಪ್ರದಕ್ಷಿಣೆಯನ್ನು ಅರವತ್ತನಾಲ್ಕು ಮಣಿಗಳ ಒಂದು ಸರವೆಂದು ಭಾವಿಸಿರಿ. ಬಿಳಿಯದೊಂದು, ಕರಿಯದೊಂದು, ಹೀಗೆ ಪೋಣಿಸಿ ತುದಿಗಳನ್ನು ಕಟ್ಟಿದೆ. ಮಣೆಯನ್ನು ತಿರುಗಿಸಿದಾಗ ಸರವು ತನ್ನ ಮೇಲೆಯೇ ತಾನು ಕುಳಿತರೆ, ಎರಡರಲ್ಲಿ ಒಂದು ಆಗಿರಬೇಕು: ಸರ ಕೆಲವು ಮಣಿಗಳಷ್ಟು ಮುಂದಕ್ಕೆ ಸರಿದಿರಬೇಕು, ಅಥವಾ ಮಗುಚಿರಬೇಕು. ಸರಿದರೆ ಒಂದು ಮಣಿಯೂ ಇದ್ದಲ್ಲಿ ಇರುವುದಿಲ್ಲ. ಮಗುಚಿದರೆ ಎದುರುಬದುರಾದ ಎರಡು ಮಣಿಗಳು ಇದ್ದಲ್ಲಿಯೇ ಉಳಿಯುತ್ತವೆ. ಇಲ್ಲವೆ ಮಗುಚುವ ಗೆರೆ ಮಣಿಗಳ ನಡುವೆ ಹಾಯ್ದು, ಅದರ ಆಚೆ ಈಚೆ ಇರುವ ನೆರೆಯ ಮಣಿಗಳು ಜಾಗ ಬದಲಾಯಿಸುತ್ತವೆ. ಮೂರನೆಯ ದಾರಿಯಿಲ್ಲ.

ಮೊದಲು ಕನ್ನಡಿಯನ್ನು ಮಣೆಯ ನಟ್ಟನಡುವೆ, ನಾಲ್ಕನೆಯ ಐದನೆಯ ಸಾಲುಗಳ ನಡುವೆ ನಿಲ್ಲಿಸಿ. ಆಗ ಬಿಳಿಯ ಮನೆಯ ಬಿಂಬ ಕಪ್ಪು ಮನೆ. ಸರ ಸರಿದಿದ್ದರೆ, ಎರಡು ಸಲ ಸರಿದಾಗ ಮೊದಲಿನ ಸ್ಥಿತಿಗೆ ಬರಬೇಕಾದ್ದರಿಂದ, ಒಂದು ಸಲಕ್ಕೆ ಮೂವತ್ತೆರಡು ಮಣಿಯಷ್ಟು ಸರಿದಿರಬೇಕು. ಮೂವತ್ತೆರಡು ಸಮಸಂಖ್ಯೆ, ಬಿಳಿಯ ಮಣಿ ಬಿಳಿಯದರ ಮೇಲೆಯೇ ಬರುವುದು. ಕನ್ನಡಿಯೋ ಬಿಳಿಯನ್ನು ಕಪ್ಪು ಮಾಡುತ್ತದೆ. ಆದುದರಿಂದ ಸರಿದಿಲ್ಲ. ಮಗುಚಿತೆಂದರೆ, ಕನ್ನಡಿಯಲ್ಲಿ ಯಾವ ಮನೆಯೂ ಇದ್ದಲ್ಲಿ ಉಳಿಯುವುದಿಲ್ಲವಾದ್ದರಿಂದ ನೆರೆಯ ಮಣಿಗಳು ಜಾಗ ಬದಲಾಯಿಸಿರಬೇಕು. ಎಂದರೆ ಕುದುರೆ ಒಂದು ಮನೆಯಿಂದ ಅದರ ಬಿಂಬಕ್ಕೇ ಹಾರಿರಬೇಕು. ಮನೆಯೂ ಅದರ ಬಿಂಬವೂ ಒಂದೇ ಸಾಲಿನಲ್ಲಿರುತ್ತವೆ. ಕುದುರೆ ಎಂದಿಗೂ ತಾನಿದ್ದ ಸಾಲಿನಲ್ಲಿಯೇ ನಿಲ್ಲುವ ಪ್ರಾಣಿಯಲ್ಲ. ಅಲ್ಲಿಗೆ ಕನ್ನಡಿಯ ಮಾತು ಮುಗಿಯಿತು.

ಕನ್ನಡಿಯನ್ನು ಮೂಲೆಯಿಂದ ಮೂಲೆಗೆ ನಿಲ್ಲಿಸಿದರೆ ಉತ್ತರ ಇನ್ನೂ ಸುಲಭ. ಕರ್ಣದ ಮೇಲಣ ಎಂಟು ಮನೆಗಳು ಇದ್ದಲ್ಲಿಯೇ ಇರುತ್ತವೆ. ಮಗುಚಿದ ಸರದಲ್ಲಿ ಹೆಚ್ಚೆಂದರೆ ಎರಡು ಮಣಿ ಹಾಗೆ ಉಳಿಯಬಹುದು.

ಇನ್ನು ಕಾಲುಸುತ್ತು. ನಾಲ್ಕು ಸಲ ತಿರುಗಿಸಿದರೆ ಮಣೆ ಮೊದಲಿನಂತಾಗುತ್ತದೆ, ಎರಡೇ ಸಲಕ್ಕೆ ಆಗುವುದಿಲ್ಲ. ಮಗುಚಿದ ಸರ ಎರಡೇ ಸಲಕ್ಕೆ ಮೊದಲಿನಂತಾಗುವುದರಿಂದ ಇಲ್ಲಿ ಸರ ಮಗುಚಿಲ್ಲ, ಸರಿದಿದೆ. ಅರವತ್ತನಾಲ್ಕರ ಕಾಲುಭಾಗ, ಹದಿನಾರು ಮಣಿಗಳಷ್ಟು, ಒಂದು ಕಡೆಗೋ ಇನ್ನೊಂದು ಕಡೆಗೋ ಸರಿದಿದೆ. ಹದಿನಾರೂ ಸಮಸಂಖ್ಯೆ, ಬಿಳಿ ಬಿಳಿಗೆ ಬರಬೇಕು. ಆದರೆ ಮಣೆಯ ಒಂದು ಮೂಲೆ ಕಪ್ಪಾದರೆ ಅದರ ಪಕ್ಕದ ಮೂಲೆ ಬಿಳುಪು. ಕಾಲುಸುತ್ತು ಕಪ್ಪನ್ನು ಬಿಳುಪಿಗೆ ತರುತ್ತದೆ. ಇದೂ ಆಗದು.

ಉಳಿದುದು ಅರೆಸುತ್ತು ಒಂದೇ. ಅದಕ್ಕೆ ಯಾವ ಆಕ್ಷೇಪಣೆಯೂ ಇಲ್ಲ. ಸರ ಮೂವತ್ತೆರಡು ಮಣಿ ಸರಿಯುತ್ತದೆ. ಒಂದನೆಯ ಮನೆಗೆ ಎದುರಾಗಿ ಮೂವತ್ತಮೂರನೆಯದು, ಎರಡನೆಯದಕ್ಕೆ ಮೂವತ್ತನಾಲ್ಕನೆಯದು. ಕುದುರೆಯ ಸಂಚಾರವನ್ನು ಕುರಿತು ೧೭೫೯ರಲ್ಲಿ ಪ್ರೌಢವಾಗಿ ವಿಚಾರಮಾಡಿದ ಆಯ್ಲರ್ ಎಂಬ ಮಹಾಗಣಿತಜ್ಞನು ಇಂಥದೊಂದನ್ನು ಕಟ್ಟಿ ತೋರಿಸಿದನು. ಅರೆಸುತ್ತಿಗೆ ಬದಲಾಗದ ಪ್ರದಕ್ಷಿಣೆಯ ಕುಟುಂಬದಲ್ಲಿ ನಾಲ್ವರು. ಹೀಗೆ ಪ್ರತಿಯೊಂದು ಕುಟುಂಬದಲ್ಲಿಯೂ ಇರುವುದು ಎಂಟು, ಇಲ್ಲವೆ ನಾಲ್ಕು. ಒಟ್ಟು ಸಂಖ್ಯೆ ನಾಲ್ಕರಿಂದ ಭಾಗವಾಗದೆ ವಿಧಿಯಿಲ್ಲ. ೯೪ರಲ್ಲಿ ಕೊನೆಗೊಂಡ ಸಂಖ್ಯೆ ಬಿದ್ದುಹೋಯಿತು. ಲೇಖಕರೂ ತಮ್ಮ ಎಣಿಕೆ ತಪ್ಪೆಂದು ಒಪ್ಪಿಕೊಂಡರು. ವಿದ್ವಾಂಸರಿಗೆ ಅದು ಗೌರವವನ್ನು ತರುವ ನಡತೆಯೇ ಹೊರತು ಕುಂದಲ್ಲ.

೧೯೯೭ರಲ್ಲಿ ಆಸ್ಟ್ರೇಲಿಯಾದ ಬ್ರೆಂಡನ್ ಮೆಕೇ ಎಂಬವರು ಹೊಸದಾಗಿ ಲೆಕ್ಕಮಾಡಿ, ನಾನು ಮೊದಲು ಹೇಳಿದ ಸಂಖ್ಯೆಯನ್ನು ಪ್ರಕಟಿಸಿದರು. ೨೦೦೦ದಲ್ಲಿ ಬಂದ ವೆಗೆನರ್ ಅವರ ಪುಸ್ತಕದಲ್ಲಿಯೂ ಅದೇ ಸಂಖ್ಯೆಯುಂಟು. ಕೊನೆಯ ಅಂಕಿಗಳು ೩೨, ನಾಲ್ಕರಿಂದ ಹೋಗುತ್ತದೆ.

ಇಲ್ಲಿ ಎಚ್ಚರಿಕೆಯುಳ್ಳ ಕೇಳುಗರು ಎರಡು ಆಕ್ಷೇಪಣೆಗಳನ್ನು ತರಬಹುದು. ಎರಡೂ ಸರಿಯಾದುವೇ.

ಮೊದಲನೆಯದು: ನಾಲ್ಕರಿಂದ ಹೋದ ಮಾತ್ರಕ್ಕೆ ಸಂಖ್ಯೆ ಸರಿಯೆ? ಖಂಡಿತವಾಗಿ ಅಲ್ಲ. ಕಣ್ಣುಮುಚ್ಚಿ ಬರೆದ ನಾಲ್ಕು ಸಂಖ್ಯೆಗಳಲ್ಲಿ ಒಂದು ಈ ಪರೀಕ್ಷೆಯಲ್ಲಿ ಗೆಲ್ಲಬಹುದು. ನಮ್ಮವರು ಗುಣಾಕಾರವನ್ನು ಒಂಬತ್ತು ಕಳೆದು ಒರೆಗೆ ಹಚ್ಚುತ್ತಿದ್ದರು; ಎರಡನೆಯ ಆರ್ಯಭಟನ ಮಹಾಸಿದ್ಧಾಂತದಲ್ಲಿ ಆ ಕ್ರಮವಿದೆ. ಅದೂ ಹೀಗೆಯೇ ತಪ್ಪನ್ನು ಹಿಡಿಯುವ ಜರಡಿ, ಸರಿಯನ್ನು ಸ್ಥಾಪಿಸುವ ಸಾಕ್ಷಿಯಲ್ಲ. ಆದರೆ ಜರಡಿಯ ಕೆಳಗೆ ಇನ್ನೂ ಸಣ್ಣ ಕಣ್ಣಿನ ಜರಡಿಯನ್ನು ಹಿಡಿಯಬಹುದು. ಅರೆಸುತ್ತಿಗೆ ಬದಲಾಗದ ಕುಟುಂಬಗಳನ್ನು ಡೊನಾಲ್ಡ್ ಕ್ನೂತ್ ಪ್ರತ್ಯೇಕವಾಗಿ ಎಣಿಸಿದ್ದರು, ಮೆಕೇ ಅದನ್ನೂ ತಾಳೆನೋಡಿದರು: ಅವು ೬,೦೮,೨೩೩. ಉಳಿದ, ಎಂಟೆಂಟು ಮಂದಿಯ ಕುಟುಂಬಗಳು ೧೬,೫೮,೪೨,೦೨,೪೭,೨೦೦. ಎಲ್ಲವೂ ಸೇರಿ ೧೬,೫೮,೪೨,೦೮,೫೫,೪೩೩ ಕುಟುಂಬಗಳು. ಬಿಡುವಿದ್ದವರು ಮೊದಲನೆಯದನ್ನು ನಾಲ್ಕರಿಂದಲೂ ಎರಡನೆಯದನ್ನು ಎಂಟರಿಂದಲೂ ಗುಣಿಸಿ ಕೂಡಿ ನೋಡಿರಿ. ಒಂದಂಕಿಯೂ ತಪ್ಪದೆ ನಮ್ಮ ಮಹಾಖರ್ವದ ಸಂಖ್ಯೆ ಬರುವುದು. ಇದರಲ್ಲಿ ಇನ್ನೊಂದು ಸೊಗಸುಂಟು. ೬,೦೮,೨೩೩ ಬೆಸಸಂಖ್ಯೆ. ಬೆಸಸಂಖ್ಯೆಯನ್ನು ನಾಲ್ಕರಿಂದ ಗುಣಿಸಿ, ಎಂಟರ ಅಪವರ್ತ್ಯವೊಂದಕ್ಕೆ ಸೇರಿಸಿದರೆ, ಮೊತ್ತವನ್ನು ಎಂಟರಿಂದ ಭಾಗಿಸಿದಾಗ ನಾಲ್ಕೇ ಉಳಿಯಬೇಕು. ಕೊನೆಯ ಮೂರಂಕಿ ೫೩೨. ಎಂಟರಿಂದ ಭಾಗಿಸಿರಿ, ನಾಲ್ಕು ಉಳಿಯುತ್ತದೆ.

ಎರಡನೆಯ ಆಕ್ಷೇಪಣೆ ಇನ್ನೂ ಸೂಕ್ಷ್ಮವಾದುದು. ಆರಾರು ಮನೆಯ ಚಿಕ್ಕ ಮಣೆಯಲ್ಲಿ ಪ್ರದಕ್ಷಿಣೆಗಳು ೯,೮೬೨. ಇದು ನಾಲ್ಕರಿಂದ ಹೋಗುವುದಿಲ್ಲವಲ್ಲ! ಹೋಗುವುದಿಲ್ಲ, ನಿಜ, ಲೆಕ್ಕವೂ ಸರಿ. ನಮ್ಮ ವಾದದಲ್ಲಿ ಮುರಿದ ಕೊಂಡಿ ಯಾವುದೆಂದು ಹುಡುಕಬೇಕು. ಮೂವತ್ತಾರರ ಕಾಲುಭಾಗ ಒಂಬತ್ತು, ಬೆಸಸಂಖ್ಯೆ. ಒಂಬತ್ತು ಮಣಿ ಸರಿದರೆ ಬಿಳಿ ಕಪ್ಪಿಗೆ ಬರುತ್ತದೆ. ಕಾಲುಸುತ್ತೂ ಅದನ್ನೇ ಮಾಡುತ್ತದೆ. ಜಗಳವಿಲ್ಲ! ಆದುದರಿಂದ ಕಾಲುಸುತ್ತಿಗೂ ಬದಲಾಗದ ಪ್ರದಕ್ಷಿಣೆಗಳು ಅಲ್ಲಿ ಇರಬಹುದು, ಇವೆ ಕೂಡ. ಅಂಥವುಗಳ ಕುಟುಂಬದಲ್ಲಿ ಇಬ್ಬರೇ. ಎಂಟು ಮಂದಿಯ ಕುಟುಂಬಗಳು ೧೨೨೩, ನಾಲ್ವರವು ೧೭, ಇಬ್ಬರವು ೫. ಗುಣಿಸಿ ಕೂಡಿದರೆ ೯೭೮೪, ೬೮, ೧೦, ಒಟ್ಟು ೯೮೬೨. ಅಪವಾದವೆಂದು ತೋರಿದುದು ನಮ್ಮ ನಿಯಮ ಎಲ್ಲಿಯವರೆಗೆ ನಡೆಯುವುದೆಂಬುದಕ್ಕೆ ಗಡಿಗಲ್ಲಾಯಿತು.

ಈಗ ಮುಮ್ಮಡಿಯವರ ದೊಡ್ಡ ಮಣೆಯನ್ನು ಇನ್ನೊಮ್ಮೆ ಮುಂದಿಟ್ಟುಕೊಳ್ಳೋಣ. ೧೨ × ೧೨ ಮನೆಗಳು, ೧೪೪ ಮಣಿಗಳ ಸರ. ಅದರ ಅರ್ಧ ೭೨, ಸಮ. ಕಾಲು ೩೬, ಅದೂ ಸಮ. ಕರ್ಣದ ಮೇಲೆ ಹನ್ನೆರಡು ಮನೆಗಳು, ಎರಡಕ್ಕಿಂತ ಹೆಚ್ಚು. ನಡುಗನ್ನಡಿ ಆರನೆಯ ಏಳನೆಯ ಸಾಲುಗಳ ನಡುವೆ ನಿಲ್ಲುತ್ತದೆ, ಕುದುರೆ ಅಲ್ಲಿಯೂ ತನ್ನ ಸಾಲಿನಲ್ಲಿ ನಿಲ್ಲದು. ನಾನು ಹೇಳಿದುದರಲ್ಲಿ ಒಂದು ಮಾತನ್ನೂ ಬದಲಾಯಿಸಬೇಕಾಗಿಲ್ಲ. ಅಲ್ಲಿಯ ಪ್ರದಕ್ಷಿಣೆಗಳ ಮುಂದೆ ನಮ್ಮ ಹದಿನಾಲ್ಕು ಅಂಕಿಯ ಸಂಖ್ಯೆ ಸಾಗರದ ಮುಂದಿನ ಲಕ್ಷ್ಮಣತೀರ್ಥ. ಆದರೂ ಯಾರಾದರೂ ಆ ಲೆಕ್ಕವನ್ನು ತಂದು ನಿಮ್ಮ ಜಗಲಿಯ ಮೇಲೆ ಹರಡಿದರೆ, ಉಳಿದ ಅಂಕಿಗಳನ್ನು ಓದುವುದಕ್ಕೆ ಮೊದಲು ಕೊನೆಯ ಎರಡನ್ನು ನಾಲ್ಕರಿಂದ ಭಾಗಿಸಿ ನೋಡಿರಿ.